ಹಂದಿ ಲೆಕ್ಕದ ಪಥ್ಯ

ನೋವೈ, ಮಿಶಿಗನ್
ಫೆಬ್ರವರಿ ೨, ೨೦೨೫

ಸುಹಾಸಿನೀ,

ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಸೋದರತ್ತೆ ಇದ್ದಾಳೋ ಇಲ್ಲವೋ ಎಂದು ವಿಚಾರಿಸಲೂ ನಿನಗೆ ಪುರುಸೊತ್ತಿಲ್ಲ. ಫೋನ್ ಮಾಡಿದ್ದೆ ಎನ್ನುತ್ತೀಯ. ಕಿವಿಗೆ ಮಷೀನು ಹಾಕಿಸಿಕೊಂಡ ಮೇಲೆ ಫೋನಿನಲ್ಲಿ ಎಲ್ಲರೂ ತಗಡಿನ ಡಬ್ಬಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತಾರೆ. ಅದಕ್ಕೇ ಕಾಗದ. ನೀನೂ ಕಾಗದದಲ್ಲೇ ಉತ್ತರ ಬರಿ, ನಿನ್ನ ಕನ್ನಡಕ್ಕಾದರೂ ತುಕ್ಕು ಹಿಡಿಯದಿರಲಿ.

ವಿಷಯಕ್ಕೆ ಬರುತ್ತೇನೆ. ಥ್ಯಾಂಕ್ಸ್‌ಗಿವಿಂಗ್ ಆದ ವಾರ ನಿನ್ನ ಮಾವ ಡ್ರೈವ್‌ವೇನಲ್ಲಿ ಐಸ್ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರಲ್ಲ, ಆಪರೇಷನ್ ಚೆನ್ನಾಗಿಯೇ ಆಯಿತು. ಮೂಳೆ ಕೂಡಿಕೊಳ್ಳುತ್ತಿದೆ. ಮನುಷ್ಯ ಮಾತ್ರ ಕರಗುತ್ತಿದ್ದಾರೆ. ಇಡೀ ಜೀವಮಾನ ಕಾರ್ ಕಂಪನಿಯಲ್ಲಿ ಎಂಜಿನ್‌ಗಳ ಮಧ್ಯೆ ನಿಂತೇ ಕೆಲಸ ಮಾಡಿದವರ ತೊಡೆ ಈಗ ನನ್ನ ತೋಳಿನಷ್ಟಾಗಿದೆ. ಕುರ್ಚಿಯಿಂದ ಏಳಲು ನಾನೂ ಮಗ ವಿವೇಕನೂ ಎರಡು ಕಡೆ ಹಿಡಿಯಬೇಕು. ಕಸರತ್ತು ಮಾಡಿಸಲು ಬರುವ ಹುಡುಗಿ ನೇರವಾಗಿಯೇ ಹೇಳಿದಳು, ಈ ಬೇಸಿಗೆಯೊಳಗೆ ಕಾಲಿಗೆ ಶಕ್ತಿ ಬರದಿದ್ದರೆ ವೀಲ್‌ಚೇರೇ ಗಟ್ಟಿ ಎಂದು.

ಪ್ರೋಟೀನ್ ತಿನ್ನಿಸಿ ಎನ್ನುತ್ತಾರೆ. ಮೊಟ್ಟೆ, ಕೋಳಿ, ಮೀನು ಎಂದು ಬರೆದುಕೊಟ್ಟರು. ನಾವು ಅವನ್ನೆಲ್ಲ ಮುಟ್ಟುವವರಲ್ಲ ಎಂದಾಗ ಒಂದು ಪೌಡರ್ ಕೊಟ್ಟರು. ಅದನ್ನು ಕುಡಿದರೆ ಇವರಿಗೆ ವಾಂತಿ. ಹಾಗಾಗಿ ನಾನು ನಮ್ಮಮ್ಮ ಮಾಡುತ್ತಿದ್ದ ಪಥ್ಯವನ್ನೇ ಮಾಡುತ್ತಿದ್ದೇನೆ: ಮೆತ್ತಗಿನ ಅನ್ನ, ಮೆಣಸಿನ ಸಾರು, ಮೇಲೆ ತುಪ್ಪ. ವಾರಕ್ಕೆರಡು ಸಲ ಹೆಸರುಬೇಳೆಯನ್ನು ಕೆಂಪಗೆ ಹುರಿದು ತೊವ್ವೆ. ತಿನ್ನುತ್ತಾರೆ, ಆದರೆ ಮೈಗೆ ಹತ್ತುತ್ತಿಲ್ಲ.

ಆಸ್ಪತ್ರೆಯಲ್ಲಿ ರೋಗಿಗಳ ಊಟ ನೋಡಿಕೊಳ್ಳುವವಳು ನೀನು. ನಿಮ್ಮಪ್ಪ ಕಣ್ಣುಮುಚ್ಚುವವರೆಗೂ "ನನ್ನ ಮಗಳು ಶಿಕಾಗೋದಲ್ಲಿ ಹಾಸಿಗೆ ಹಿಡಿದೋರನ್ನ ಊಟದಲ್ಲೇ ಎಬ್ಬಿಸ್ತಾಳೆ" ಎಂದು ಹೇಳಿಕೊಂಡು ತಿರುಗಿದ. ಈಗ ನಿನ್ನ ಮಾವನನ್ನು ಎಬ್ಬಿಸು.

ಪದ್ಮತ್ತೆ

*

ಲೊಂಬಾರ್ಡ್, ಇಲಿನಾಯ್
ಫೆಬ್ರವರಿ ೯, ೨೦೨೫

ಅತ್ತೆ,

ನಿಮಗೂ ಶ್ಯಾಮ್ ಮಾವನಿಗೂ ನಮಸ್ಕಾರ. ಬೈಗುಳವನ್ನು ಪ್ರಸಾದ ಎಂದೇ ತೆಗೆದುಕೊಂಡೆ.

ಮೊದಲು ಡಾಕ್ಟರಿಗೆ ಹೇಳಿ ಮಾವನ ಕಿಡ್ನಿ ಪರೀಕ್ಷೆ ಮಾಡಿಸಿ. ಅದು ಸರಿಯಾಗಿದೆ ಎಂದು ಗೊತ್ತಾದ ಮೇಲೆ, ನಾನು ಬರೆದದ್ದನ್ನು ಅವರಿಗೆ ತೋರಿಸಿಯೇ ಶುರು ಮಾಡಿ.

ನಿಮ್ಮ ಪಥ್ಯದಲ್ಲಿ ತಪ್ಪಿಲ್ಲ, ಕೊರತೆಯಿದೆ. ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ಪ್ರೋಟೀನ್ ಎಂದರೆ ಒಂದೇ ವಸ್ತುವಲ್ಲ, ಅಮೈನೋ ಆಮ್ಲ ಎಂಬ ಇಪ್ಪತ್ತು ಬಗೆಯ ತುಣುಕುಗಳ ಸಾಲು. ನೀವು ಶುಕ್ರವಾರ ಹಾರ ಕಟ್ಟುವಾಗ ಮಲ್ಲಿಗೆ, ಕನಕಾಂಬರ, ಮರುಗ ಒಂದರ ಪಕ್ಕ ಒಂದು ಇಡುತ್ತೀರಲ್ಲ? ಮರುಗ ಮುಗಿದರೆ, ಬುಟ್ಟಿ ತುಂಬ ಮಲ್ಲಿಗೆ ಇದ್ದರೂ ಹಾರ ಅಲ್ಲಿಗೇ ನಿಂತಿತು. ಅಕ್ಕಿ, ಗೋಧಿ, ಜೋಳಗಳಲ್ಲಿ ಮೊದಲು ಮುಗಿದುಹೋಗುವ ಮರುಗದ ಹೆಸರು ಲೈಸಿನ್. ಬೇಳೆಯಲ್ಲಿ, ಸೋಯಾದಲ್ಲಿ, ಹಾಲಿನಲ್ಲಿ ಅದು ಧಾರಾಳವಾಗಿದೆ. ಅದಿಲ್ಲದೆ ಬರೀ ಅನ್ನ, ತುಪ್ಪ ಹೆಚ್ಚಿಸಿದರೆ ಕೊಬ್ಬು ಬೆಳೆಯುತ್ತದೆ, ಕಾಲು ಬೆಳೆಯುವುದಿಲ್ಲ. ಇದನ್ನು ನಾನು ಕಣ್ಣಾರೆ ಎಷ್ಟು ಸಲ ಕಂಡಿದ್ದೇನೋ.

ಆದ್ದರಿಂದ ವಾರಕ್ಕೆರಡು ಸಲವಲ್ಲ, ಪ್ರತಿ ಊಟದಲ್ಲೂ ಬೇಳೆ ಇರಲಿ. ಅನ್ನ ಕಡಿಮೆ, ತೊವ್ವೆ ಗಟ್ಟಿ. ಚಪಾತಿ ಹಿಟ್ಟಿಗೆ ಒಂದು ಹಿಡಿ ಸೋಯಾ ಹಿಟ್ಟು ಬೆರೆಸಿ. ಬೆಳಗ್ಗೆ ಹೆಸರುಬೇಳೆ ದೋಸೆ, ಸಂಜೆ ಪನೀರ್, ಮಲಗುವ ಮುಂಚೆ ಹಾಲು. ಇನ್ನೊಂದು ಮುಖ್ಯವಾದ ಮಾತು: ಬೇಳೆಯನ್ನು ಕೆಂಪಗೆ ಹುರಿಯಬೇಡಿ. ಹೆಚ್ಚು ಹುರಿದರೆ ಘಮ ಬರುತ್ತದೆ, ಲೈಸಿನ್ ಕೆಡುತ್ತದೆ. ಹಾಗೆ ಹುರಿದದ್ದನ್ನು ಎಷ್ಟು ತಿಂದರೂ ಮೈಗೆ ಹತ್ತುವುದು ಕಡಿಮೆ. ನಾವು ಅಳೆದು ನೋಡಿದ್ದೇವೆ.

ನನ್ನ ಕೆಲಸದ ವಿಷಯ ಯಾವಾಗಲಾದರೂ ಎದುರಿಗೆ ಸಿಕ್ಕಾಗ ಮಾತಾಡೋಣ. ಏನಾದರೂ ಕಳಿಸುವುದಿದ್ದರೆ ಕೆಳಗಿರುವ ಎಲ್ಕ್ ಗ್ರೋವ್ ವಿಲೇಜಿನ ಆಫೀಸ್ ವಿಳಾಸಕ್ಕೆ ಕಳಿಸಿ. ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಿನಿಂದ ಪಾರ್ಸಲ್‌ಗಳು ಮಾಯವಾಗುತ್ತವೆ.

ಸುಹಾಸಿನಿ

*

ನೋವೈ
ಮಾರ್ಚ್ ೨, ೨೦೨೫

ಸುಹಾಸಿನೀ,

ಆಶೀರ್ವಾದ. ಈ ಸಲ ಬೈಗುಳ ಇಲ್ಲ.

ಕಿಡ್ನಿ ಚೆನ್ನಾಗಿದೆಯಂತೆ. ಡಾಕ್ಟರು ನಿನ್ನ ಪಥ್ಯವನ್ನು ವಿವೇಕನ ಕೈಯಲ್ಲಿ ಇಂಗ್ಲಿಷಿಗೆ ಮಾಡಿಸಿಕೊಂಡು ಓದಿ, ಬರೆದವರಿಗೆ ಕೆಲಸ ಗೊತ್ತಿದೆ ಎಂದರು. ನನಗೆ ಎರಡು ಕೋಡು ಬಂದವು. ಬೇಳೆ ಹುರಿಯಬೇಡ ಎಂದದ್ದು ಮಾತ್ರ ಕಷ್ಟವಾಯಿತು. ಐವತ್ತು ವರ್ಷದ ಕೈ, ತಾನೇ ಬಾಣಲೆ ಹುಡುಕುತ್ತದೆ. ಆದರೂ ಬಿಟ್ಟೆ.

ನಿನ್ನ ಮಾವನಿಗೆ ಹಸಿವು ಬಂದಿದೆ. ನಿನ್ನೆ ಕುರ್ಚಿಯ ಕೈ ಒತ್ತಿಕೊಂಡು ಅರ್ಧ ಎದ್ದರು, ಮತ್ತೆ ಕೂತರು. ಆ ಅರ್ಧಕ್ಕೆ ನಾನು ದೇವರ ಮುಂದೆ ದೀಪ ಹಚ್ಚಿದೆ. ನಿನ್ನ ಕಾಗದ ಓದಿ ಹೇಳಿದಾಗ ನಿನ್ನ ಮಾವ, "ಕೇಳು ಅವಳನ್ನ, ಇದನ್ನೆಲ್ಲ ಯಾರ ಮೇಲೆ ಟೆಸ್ಟ್ ಮಾಡಿದಾರೆ ಅಂತ. ಡೇಟಾ ಇಲ್ದೆ ಎಂಜಿನಿಯರ್ ನಂಬಲ್ಲ" ಎಂದರು. ಐಪ್ಯಾಡ್ ಮೇಲಿಂದ ತಲೆ ಎತ್ತಲಿಲ್ಲ, ಒಳಗೊಳಗೇ ನಗುತ್ತಿದ್ದರು. ಬಿದ್ದ ಮೇಲೆ ಇವರು ನಕ್ಕದ್ದು ಇದೇ ಮೊದಲು, ಹಾಗಾಗಿ ಯಾಕೆ ನಗು ಎಂದು ನಾನೂ ಕೇಳಲಿಲ್ಲ.

ನಮ್ಮ ಶನಿವಾರದ ಭಜನೆ ಗುಂಪಿನಲ್ಲಿ ನಿನ್ನದೇ ಮಾತು. ಗುಂಪು ನಡೆಸುವ ಶೈಲಾ ಪಥ್ಯವನ್ನು ಫೋಟೋ ತೆಗೆದುಕೊಂಡಳು. ನಿನ್ನ ಆಸ್ಪತ್ರೆಯ ರೋಗಿಗಳಿಗೆ ನಾವೂ ಏನಾದರೂ ಮಾಡಬೇಕು ಎಂದು ಎಲ್ಲರೂ ಕೂತು ಉಣ್ಣೆ ಟೋಪಿ ಹೆಣೆದೆವು. ಎರಡು ಡಜನ್ ಆಯಿತು. ತಲೆ ಬೆಚ್ಚಗಿದ್ದರೆ ಊಟ ರುಚಿಸುತ್ತದೆ. ಪೆಟ್ಟಿಗೆ ನಾಳೆ ಹೊರಡುತ್ತದೆ. ನೀಲಿಯವು ನಾನು ಹೆಣೆದದ್ದು. ತೀರಾ ವಯಸ್ಸಾದವರಿಗೆ ಅವನ್ನೇ ಕೊಡು, ಹೆಣಿಗೆ ಮೆತ್ತಗಿದೆ.

ಪದ್ಮತ್ತೆ

*

ಲೊಂಬಾರ್ಡ್
ಮಾರ್ಚ್ ೧೨, ೨೦೨೫

ಅತ್ತೆ,

ನಮಸ್ಕಾರ. ಟೋಪಿಗಳು ತಲುಪಿದವು. ಎಲ್ಲರೂ ಹಾಕಿಕೊಂಡರು, ತುಂಬ ಬೆಚ್ಚಗಿದೆ ಎಂದರು.

ಮಾವನಿಗೆ ಹೇಳಿ: ಇದೆಲ್ಲ ಬಹಳ ದೊಡ್ಡ ಗುಂಪಿನ ಮೇಲೆ, ಬಹಳ ವರ್ಷ ಪರೀಕ್ಷೆ ಮಾಡಿದ್ದು. ಅವರು ಅರ್ಧ ಎದ್ದ ಸುದ್ದಿ ಓದಿ ಕಾಗದ ಮಡಚಿಟ್ಟು ಅತ್ತುಬಿಟ್ಟೆ. ಬೇಳೆಯನ್ನು ಒಂದೇ ಹೊತ್ತಿಗೆ ತುಂಬಿಸದೆ ಮೂರೂ ಹೊತ್ತಿಗೆ ಹಂಚಿ ಕೊಡಿ. ಕಸರತ್ತು ಬಿಡಿಸಬೇಡಿ, ಕಾಲಾಡಿಸದವರಿಗೆ ತಿಂದದ್ದು ಕಾಲಿಗಿಳಿಯುವುದಿಲ್ಲ.

ದಯವಿಟ್ಟು ಭಜನೆ ಗುಂಪಿನಲ್ಲಿ ನನ್ನನ್ನು ಅಷ್ಟು ಹೊಗಳಬೇಡಿ. ಆಫೀಸಿಗೆ ಇನ್ನೇನೂ ಕಳಿಸುವುದೂ ಬೇಡ. ಇಲ್ಲಿನವರಿಗೆ ಅಭ್ಯಾಸವಿಲ್ಲ.

ಸುಹಾಸಿನಿ

*

ನೋವೈ
ಏಪ್ರಿಲ್ ೩, ೨೦೨೫

ಸುಹಾಸಿನಿಗೆ,

ಯುಗಾದಿ ಮಾರನೆಯ ದಿನ ವಿವೇಕ ಆಫೀಸ್ ಕೆಲಸದ ಮೇಲೆ ಶಿಕಾಗೋಗೆ ಬಂದಿದ್ದ. ಏನೂ ಕಳಿಸಬೇಡಿ ಎಂದು ನೀನು ಬರೆದಿದ್ದೆ, ಆದರೂ ಹಬ್ಬದ ಹೋಳಿಗೆಯಲ್ಲವೇ ಎಂದು ಕಟ್ಟಿಕೊಟ್ಟೆ. ನೀನು ಕೊಟ್ಟ ವಿಳಾಸಕ್ಕೇ ಹೋದ. ಗಾಜಿನ ಬಾಗಿಲ ಮೇಲೆ ನಗುತ್ತಿರುವ ಗುಲಾಬಿ ಬಣ್ಣದ ಹಂದಿಯ ಚಿತ್ರವಿತ್ತಂತೆ. ತಪ್ಪು ಕಟ್ಟಡಕ್ಕೆ ಬಂದೆ ಎಂದುಕೊಂಡು ನಿನ್ನ ಹೆಸರು ಕೇಳಿದ್ದಾನೆ. ಮುಂದೆ ಕೂತಿದ್ದವಳು, ಸುಹಾಸಿನಿ ಇವತ್ತು ಫಾರ್ಮಿಗೆ ಹೋಗಿದ್ದಾಳೆ, ಮಾರುಕಟ್ಟೆಗೆ ಹೋಗುವ ಮುಂಚಿನ ತಿಂಗಳುಗಳಲ್ಲಿ ಹಂದಿಗಳಿಗೆ ಏನು ತಿನ್ನಿಸಬೇಕೆಂದು ಗೊತ್ತುಮಾಡುವವಳು ಅವಳೇ ಎಂದಳಂತೆ.

"ಅಮ್ಮಾ, ಶೀ ಫೀಡ್ಸ್ ಪಿಗ್ಸ್! ಹೌ ಡಿಡ್ ವಿ ನಾಟ್ ನೋ?" ಎಂದು ಬಾಗಿಲ ಮುಂದೆ ನಿಂತು ಫೋಟೋ ತೆಗೆದು ಕಳಿಸಿದ. ಅವನಿಗೆ ನಗು. ನಾನು ಫೋನು ಮಗುಚಿಟ್ಟು ದೇವರಮನೆ ಬಾಗಿಲು ಹಾಕಿದೆ.

ಹಂದಿಗೆ ಲೆಕ್ಕ ಹಾಕಿದ ಊಟವನ್ನು ನಾನು ಈ ಮನೆಯಲ್ಲಿ ದೇವರಿಗೆ ನೈವೇದ್ಯ ಮಾಡಿ ಗಂಡನಿಗೆ ಬಡಿಸಿದೆ. ಭಜನೆಯವರ ಮನೆಮನೆಗೂ ಹಂಚಿದೆ. ನಿಮ್ಮಪ್ಪ ಊರೆಲ್ಲ ಹೇಳಿಕೊಂಡು ತಿರುಗಿದಾಗಲೂ ನೀನು ಸುಮ್ಮನಿದ್ದೆಯಲ್ಲ? ಯಾಕೆ ಸುಳ್ಳು ಹೇಳಿದೆ?

ಎಲ್ಲರೂ ಹಾಕಿಕೊಂಡರು ಎಂದು ಬರೆದಿದ್ದೀಯ. ನಾನು ಹೆಣೆದ ಟೋಪಿ ಯಾರು ಹಾಕಿಕೊಂಡರು ಸುಹಾಸಿನೀ?

ಸೋಯಾ ಹಿಟ್ಟು ಕಸಕ್ಕೆ ಹಾಕಿದ್ದೇನೆ. ಪಾತ್ರೆಗಳನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿದ್ದೇನೆ. ನಿನ್ನ ಮಾವನಿಗೆ ಮೊದಲಿನ ಹಾಗೆ ಅನ್ನ ಸಾರು ಕೊಡುತ್ತಿದ್ದೇನೆ. ನೀನಿನ್ನು ಬರೆಯಬೇಕಾಗಿಲ್ಲ.

ಪದ್ಮ

*

ಲೊಂಬಾರ್ಡ್
ಏಪ್ರಿಲ್ ೯, ೨೦೨೫

ಅತ್ತೆ,

ಬರೆಯಬೇಡ ಎಂದಿದ್ದೀರಿ, ಬರೆಯುತ್ತಿದ್ದೇನೆ. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ. ಮಾವನ ತಟ್ಟೆಯ ಮೇಲೆ ತೀರಿಸಿಕೊಳ್ಳಬೇಡಿ. ಅವರು ಅರ್ಧ ಎದ್ದದ್ದು ಅದೇ ಊಟದಿಂದ. ಈಗ ನಿಲ್ಲಿಸಿದರೆ ಕಟ್ಟಿದ ಸ್ನಾಯು ಮತ್ತೆ ಕರಗುತ್ತದೆ, ಮತ್ತೆ ಕಟ್ಟಿಕೊಳ್ಳಲು ಆ ವಯಸ್ಸು ಬಿಡುವುದಿಲ್ಲ.

ಹಂದಿಯ ಹೊಟ್ಟೆ ನಮ್ಮ ಹೊಟ್ಟೆಗೆ ಬಹಳ ಹತ್ತಿರ. ಯಾವ ಬೇಳೆಯಿಂದ ಎಷ್ಟು ಲೈಸಿನ್ ಮೈಗೆ ಹತ್ತುತ್ತದೆ ಎಂದು ಮನುಷ್ಯರಿಗೆ ಲೆಕ್ಕ ಹೇಳುವವರು ಕೂಡ ಎಷ್ಟೋ ಸಲ ಅದನ್ನು ಹಂದಿಯಲ್ಲೇ ಅಳೆದಿರುತ್ತಾರೆ. ಹೇಳುವುದಿಲ್ಲ, ಅಷ್ಟೇ. ನಾನೂ ಹೇಳಲಿಲ್ಲ.

ಹೆಬ್ಬಾಳದ ಕಾಲೇಜು ಮುಗಿಸಿ ಇಲ್ಲಿಗೆ ಬಂದಾಗ ನನಗೆ ಸಿಕ್ಕ ಸ್ಕಾಲರ್‌ಶಿಪ್ ಇದ್ದದ್ದು ಹಂದಿಗಳ ವಿಭಾಗದಲ್ಲಿ. ಅಪ್ಪನಿಗೆ ನ್ಯೂಟ್ರಿಷನ್ ಎಂದೆ. ಆಸ್ಪತ್ರೆ ಎಂದದ್ದು ಅಪ್ಪ. ಅವರ ಮುಖದಲ್ಲಿ ಆ ಖುಷಿ ನೋಡಿ, ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಅವರೇ ಹೋಗಿಬಿಟ್ಟರು. ಇಲ್ಲೂ ನನ್ನ ಪಾಡು ಇದೇ. ಆಫೀಸಿನಲ್ಲಿ ಹೊಸ ಆಹಾರ ಕೊಟ್ಟು ಬೆಳೆಸಿದ ಹಂದಿಯ ಮಾಂಸದ ರುಚಿ ನೋಡಲು ಎಲ್ಲರೂ ಸೇರುತ್ತಾರೆ. ನಾನು ಮೊಸರನ್ನದ ಡಬ್ಬಿ ಹಿಡಿದು ಕಾರಿನಲ್ಲಿ ಕೂತು ತಿಂದು ಬರುತ್ತೇನೆ. ನಿಮ್ಮ ಮುಂದೆ ಹಂದಿಯ ನಾಚಿಕೆ, ಅವರ ಮುಂದೆ ಮೊಸರನ್ನದ ನಾಚಿಕೆ.

ಇನ್ನೊಂದಿದೆ, ನೀವು ಕೇಳಿಲ್ಲ. ಮಾರುಕಟ್ಟೆಯ ತೂಕ ಬರುವವರೆಗೆ ಅವು ನನ್ನ ಲೆಕ್ಕದ ಊಟ ತಿನ್ನುತ್ತವೆ. ಆಮೇಲೆ ಲಾರಿ ಬರುತ್ತದೆ. ಲಾರಿ ಬರುವ ದಿನ ನಾನು ಫಾರ್ಮಿಗೆ ಹೋಗುವುದಿಲ್ಲ. ಆ ದಿನಕ್ಕೆ ಬೇಕೆಂದೇ ಬೇರೆ ಕೆಲಸ ಇಟ್ಟುಕೊಳ್ಳುತ್ತೇನೆ. ನಿಮ್ಮ ಮಡಿ, ಮೈಲಿಗೆಗಿಂತ ನನ್ನನ್ನು ಹೆಚ್ಚು ತಿನ್ನುವುದು ಅದು.

ಟೋಪಿಗಳು ನನ್ನ ಕಾರಿನ ಡಿಕ್ಕಿಯಲ್ಲಿ ಪೆಟ್ಟಿಗೆಯೊಳಗೇ ಇವೆ. ಯಾರೂ ಹಾಕಿಕೊಂಡಿಲ್ಲ.

ಸುಹಾಸಿನಿ

*

ಲೊಂಬಾರ್ಡ್
ಮೇ ೪, ೨೦೨೫

ಅತ್ತೆ,

ಮಾವ ಹೇಗಿದ್ದಾರೆ? ಎರಡೇ ಸಾಲು ಸಾಕು. ವಿವೇಕನಿಗೆ ಮೆಸೇಜ್ ಮಾಡಿದೆ. "ಸೇಮ್, ಐ ಗೆಸ್" ಎಂದು ಉತ್ತರಿಸಿದ. ಅಷ್ಟರಲ್ಲಿ ನನಗೇನೂ ತಿಳಿಯಲಿಲ್ಲ.

ಸುಹಾಸಿನಿ

*

ನೋವೈ
ಮೇ ೨೬, ೨೦೨೫

ಸುಹಾಸಿನೀ,

ಹೇಗೆ ಶುರು ಮಾಡಲಿ ಎಂದು ತಿಳಿಯದೆ ಮೂರು ಕಾಗದ ಹರಿದೆ.

ಹೋದ ವಾರ ನಿನ್ನ ಮಾವ ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತವರಿಗೆ ಏಳಲಾಗಲಿಲ್ಲ. ಬೀಳಲಿಲ್ಲ, ಏಳಲಿಲ್ಲ ಅಷ್ಟೇ. ವಿವೇಕ ಊರಲ್ಲಿರಲಿಲ್ಲ. ನಾನು ಎಳೆದೆ, ಕಾಲಲ್ಲಿ ಹಿಡಿತವೇ ಇಲ್ಲ. ಕೊನೆಗೆ ನೈನ್ ಒನ್ ಒನ್‌ಗೆ ಫೋನ್ ಮಾಡಿದೆ. ಬೂಟು ಹಾಕಿಕೊಂಡ ಇಬ್ಬರು ಹುಡುಗರು ಬಂದು, ಒದ್ದೆ ಪಂಚೆಯಲ್ಲಿ ಕೂತಿದ್ದ ನನ್ನ ಗಂಡನನ್ನು ಮಗುವಿನ ಹಾಗೆ ಎತ್ತಿ ಹಾಸಿಗೆಯಲ್ಲಿ ಕೂರಿಸಿದರು. ಇವರು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು.

ಅವರು ಹೋದ ಮೇಲೆ ಕೇಳಿದರು: "ಪದ್ಮಾ, ಆ ಹಂದಿ ಊಟ ಯಾಕೆ ನಿಲ್ಲಿಸಿದೆ?"

ವಿಷಯ ಇವರ ಕಿವಿಗೆ ಬೀಳದಂತೆ ನಾನು ನೋಡಿಕೊಂಡಿದ್ದೆ. ಇವರಿಗೆ ಗೊತ್ತಿತ್ತು. ನಿನ್ನ ಮೊದಲ ಕಾಗದ ಬಂದ ದಿನವೇ ಐಪ್ಯಾಡಿನಲ್ಲಿ ನಿನ್ನ ಹೆಸರು ಹಾಕಿ, ನೀನು ಬರೆದ ಲೇಖನಗಳನ್ನೆಲ್ಲ ಓದಿ ಮುಗಿಸಿದ್ದರಂತೆ. ಅದಕ್ಕೇ ನಗುತ್ತಿದ್ದದ್ದು. "ಮತ್ತೆ ನನಗ್ಯಾಕೆ ಹೇಳ್ಲಿಲ್ಲ?" ಎಂದೆ. "ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ. ನಿಲ್ಲಿಸಿದ್ಯಲ್ಲ" ಎಂದರು. "ಮತ್ತೆ ನಿಲ್ಲಿಸಿದಾಗ್ಲಾದ್ರೂ ಬಾಯಿ ಬಿಡಬಾರ್ದಾಗಿತ್ತಾ?" ಎಂದೆ. ಅದಕ್ಕೆ, "ಬೇಕು ಅಂತ ಕೇಳೋಕೆ ನನಗೂ ನಾಚಿಕೆ ಆಯ್ತು ಕಣೇ" ಎಂದರು.

ಗಂಡನ ಹೊಟ್ಟೆಗಿಂತ ನನಗೆ ನನ್ನ ಮಡಿ ಹೆಚ್ಚಾಯಿತು ಸುಹಾಸಿನೀ. ಎರಡು ತಿಂಗಳು ಅವರ ಕಾಲು ನನ್ನ ಕಣ್ಣ ಮುಂದೆಯೇ ಸೊರಗುತ್ತಿತ್ತು, ನಾನು ನೋಡಿಯೂ ಅನ್ನ ಸಾರು ಬಡಿಸಿದೆ. ನೀನು ಬರೆದಿದ್ದೆ, ಓದಿದ್ದೆ, ಗೊತ್ತಿದ್ದೂ ಬಡಿಸಿದೆ. ಮುಖ ಮುಚ್ಚಿಕೊಳ್ಳಲು ಸೆರಗು ಸಾಲದು.

ಸೋಯಾ ಹಿಟ್ಟು ಮತ್ತೆ ತಂದಿದ್ದೇನೆ. ಇಂಡಿಯನ್ ಅಂಗಡಿಯವನು ಪುನಃ ಬಂದಿರಾ ಎಂದು ಕೇಳಿದ, ಅವನ ಮುಂದೆಯೂ ತಲೆ ತಗ್ಗಿತು. ಮೊದಲಿನಂತೆಯೇ ಕೊಡಲೋ, ಬದಲಾಯಿಸಬೇಕೋ, ಬೇಗ ಬರಿ.

ಟೋಪಿ ಡಿಕ್ಕಿಯಲ್ಲಿಟ್ಟು ಏನು ಮಾಡುತ್ತೀಯ? ಆ ಕೊಟ್ಟಿಗೆಯಲ್ಲಿ ಚಳಿಯಲ್ಲಿ ನಿಂತು ಕೆಲಸ ಮಾಡುವ ಜನ ಇರುತ್ತಾರಲ್ಲ, ಅವರಿಗೆ ಕೊಡು.

ಅತ್ತೆ

*

ಲೊಂಬಾರ್ಡ್
ಜೂನ್ ೧, ೨೦೨೫

ಅತ್ತೆ,

ಮೊದಲಿನದ್ದನ್ನೇ ಕೊಡಿ. ಹಸಿವು ಕಡಿಮೆಯಿದ್ದರೆ ಸ್ವಲ್ಪ ಸ್ವಲ್ಪವಾಗಿ ಐದು ಸಲ ಕೊಡಿ. ಬಚ್ಚಲಿನ ಸಂಗತಿಯನ್ನು ಡಾಕ್ಟರಿಗೆ ಹೇಳಿ, ಕಸರತ್ತಿನ ಹುಡುಗಿಯನ್ನು ಮತ್ತೆ ಕರೆಸಿ. ತಡವಾಗಿದೆ, ಮುಗಿದಿಲ್ಲ.

ಟೋಪಿ ಹಂಚಿದೆ. ಹೊರಗೆ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಸೆಕೆ. ಆದರೂ ಒಬ್ಬ ನಿಮ್ಮ ನೀಲಿ ಟೋಪಿ ಹಾಕಿಕೊಂಡೇ ಮಧ್ಯಾಹ್ನದವರೆಗೆ ಕೊಟ್ಟಿಗೆ ತೊಳೆದ, ಯಾರು ಹೆಣೆದದ್ದು ಎಂದು ಕೇಳಿದ. ನಮ್ಮತ್ತೆ ಎಂದೆ.

ಅವತ್ತು ಲಾರಿ ಬರುವ ದಿನವಾಗಿತ್ತು. ಬೇರೆ ಕೆಲಸ ಇಟ್ಟುಕೊಳ್ಳಲಿಲ್ಲ, ಕೊನೆಯವರೆಗೂ ನಿಂತಿದ್ದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಹಲಗೆಯ ಮೇಲೆ ಹತ್ತುವಾಗ ಒಂದು ನಿಂತು ನನ್ನ ಕೈ ಮೂಸಿತು, ತಿನ್ನಲು ಏನಾದರೂ ಇದೆಯೇನೋ ಎಂದು. ನನ್ನ ಕೈ ಖಾಲಿಯಿತ್ತು.

ಕೆಲಸ ಬಿಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಬಿಟ್ಟರೂ ಈ ಲೆಕ್ಕ ಅವು ತಿಂದು ಕಲಿಸಿದ್ದು ಎಂಬುದನ್ನು ಮರೆಯಲಾರೆ.

ಸುಹಾಸಿನಿ

*

ನೋವೈ
ಸೆಪ್ಟೆಂಬರ್ ೧೪, ೨೦೨೫

ಸುಹಾಸಿನೀ,

ಆಶೀರ್ವಾದ ಮೊದಲು. ಈ ಸಲ ಬೈಗುಳ ನನಗೆ.

ನಿನ್ನೆ ನಿನ್ನ ಮಾವ ಭಜನೆಗೆ ಬಂದರು. ಬೇಸಿಗೆಯಿಡೀ ಸಬ್‌ಡಿವಿಷನ್‌ನ ರಸ್ತೆಯಲ್ಲಿ ಮೊದಲು ವಾಕರ್, ಆಮೇಲೆ ಕೋಲು ಹಿಡಿದು ನಡೆದದ್ದನ್ನು ಬರೆದಿದ್ದೆನಲ್ಲ. ನಿನ್ನೆ ಶೈಲಾ ಮನೆಯಲ್ಲಿ ಬೇಸ್‌ಮೆಂಟಿನ ಮೆಟ್ಟಿಲನ್ನು ತಾವೇ ಇಳಿದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಟಾಂಜನ. ನನ್ನ ಕೈ ಮುಟ್ಟಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ತಾಳ ಹಾಕುವ ವೆಂಕಟರಾಮು ಅವರಂತೂ ಕಣ್ಣೊರೆಸಿಕೊಂಡರು. ಅವರ ಹೆಂಡತಿಯೂ ಹಾಸಿಗೆ ಹಿಡಿದು ಬಹಳ ದಿನವಾಯಿತು.

ಮಂಗಳಾರತಿ ಆದಮೇಲೆ ಶೈಲಾ ಎಲ್ಲರ ಮುಂದೆ ಕೇಳಿದಳು: "ಪದ್ಮಾ ಆಂಟಿ, ನಿಮ್ಮಣ್ಣನ ಮಗಳದ್ದು ಯಾವ ಆಸ್ಪತ್ರೆ ಅಂದ್ರಿ? ನಮ್ಮತ್ತೆಗೆ ಅಪಾಯಿಂಟ್‌ಮೆಂಟ್ ತಗೋತೀನಿ."

ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಏನು ಗೊತ್ತೇ? "ಶಿಕಾಗೋ ಹತ್ರ ಒಂದು ದೊಡ್ಡ ಆಸ್ಪತ್ರೆಮ್ಮಾ. ಈಗ ಹೊಸ ಪೇಷಂಟ್ ತಗೊಳಲ್ವಂತೆ."

ಇಷ್ಟು ಸಲೀಸಾಗಿ ಬಂತು. ನಿನ್ನ ಮಾವ ಪಕ್ಕದಲ್ಲೇ ಕೂತಿದ್ದರು. ಮನೆಗೆ ಬಂದು ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿದ ಮೇಲೆ, "ಆ ಮೆಟ್ಟಿಲು ನಾನು ಯಾರ ದಯದಿಂದ ಇಳಿದೆ ಅನ್ಕೊಂಡಿದೀಯ, ಪದ್ಮಾ?" ಎಂದು ಕೇಳಿ ಒಳಗೆ ಹೋದರು.

ಯಾಕೆ ಸುಳ್ಳು ಹೇಳಿದೆ ಎಂದು ನಿನ್ನನ್ನು ಕೇಳಿದ್ದೆ. ಈಗ ಗೊತ್ತಾಯಿತು. ನಿನಗೆ ಅಪ್ಪನ ಮುಖ ಎದುರಿಗಿತ್ತು, ನನಗೆ ಬರೀ ಶೈಲಾಳ ಮುಖ. ನನ್ನದೇ ಹೆಚ್ಚು ಕೆಟ್ಟದ್ದು.

ಮುಂದಿನ ಭಜನೆಯಲ್ಲಿ ಹೇಳುತ್ತೇನೆ. ಹೇಳಿದರೆ ಕಾಗದ ಬರೆಯುತ್ತೇನೆ. ಕಾಗದ ಬರದಿದ್ದರೆ ಹೇಳಲಿಲ್ಲವೆಂದು ತಿಳಿದುಕೋ.

ಅತ್ತೆ

*

ಲೊಂಬಾರ್ಡ್
ಅಕ್ಟೋಬರ್ ೧೨, ೨೦೨೫

ಅತ್ತೆ,

ಕಾಗದ ಬರಲಿಲ್ಲ. ತಿಳಿದುಕೊಂಡೆ.

ಬೇಜಾರಿಲ್ಲ, ನಿಜ. ಈ ತಿಂಗಳ ಮೊದಲಲ್ಲಿ ಇಲ್ಲಿ ದಸರಾ ಬೊಂಬೆ ನೋಡಲು ಕರೆದಿದ್ದ ಮನೆಯಲ್ಲಿ ಒಬ್ಬರು ನನ್ನನ್ನೂ ಕೇಳಿದರು. "ಫುಡ್ ಇಂಡಸ್ಟ್ರಿ" ಎಂದು ಹೇಳಿ ಕೋಸಂಬರಿ ಹಾಕಿಸಿಕೊಂಡೆ. ನಾನೇ ಹೇಳಲಾರದ್ದನ್ನು ನೀವು ಹೇಳಬೇಕೆಂದು ಕಾದಿದ್ದು ತಪ್ಪು. ನಿಮಗೆ ಅಲ್ಲಿ ಇರುವುದೇ ಆ ಒಂದು ಗುಂಪು. ಬಿಟ್ಟುಬಿಡಿ. ಮಾವ ನಡೆಯುತ್ತಿದ್ದಾರಲ್ಲ, ಅಷ್ಟು ಸಾಕು.

ಸುಹಾಸಿನಿ

*

ನೋವೈ
ಅಕ್ಟೋಬರ್ ೨೬, ೨೦೨೫

ಸುಹಾಸಿನೀ,

ಆಶೀರ್ವಾದ. ಹೇಳಿದೆ.

ನಿನ್ನೆ ದೀಪಾವಳಿ ಭಜನೆ, ನೈವೇದ್ಯ ನನ್ನ ಪಾಳಿ. ಹೆಸರುಬೇಳೆ ಪಾಯಸ ಮಾಡಿಕೊಂಡು ಹೋಗಿದ್ದೆ, ಬೇಳೆ ಹುರಿಯದೆ. ಎಲ್ಲರೂ ಸೇರಿದ್ದಾಗ ಶೈಲಾಳ ಅಡುಗೆಮನೆಯಲ್ಲಿ ನಿಂತು ಹೇಳಿದೆ: "ನಮ್ಮ ಸುಹಾಸಿನಿ ಆಸ್ಪತ್ರೆಯಲ್ಲಿಲ್ಲ. ಹಂದಿಗಳಿಗೆ ಏನು ತಿನ್ನಿಸ್ಬೇಕು ಅಂತ ಲೆಕ್ಕ ಹಾಕ್ತಾಳೆ. ಇವ್ರನ್ನ ಎಬ್ಬಿಸಿದ್ದು ಆ ಲೆಕ್ಕ. ಆವತ್ತು ಶೈಲಾ ಕೇಳ್ದಾಗ ನಾನು ಸುಳ್ಳು ಹೇಳ್ದೆ." ಸೌಟು ಪಾತ್ರೆಗೆ ಬಡಿದು ಸದ್ದಾಯಿತು. ನಿನ್ನ ಮಾವ ಬಾಗಿಲ ಹತ್ತಿರ ಕೋಲೂರಿ ನಿಂತಿದ್ದರು, ಕೂರಲಿಲ್ಲ.

ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಶೈಲಾ "ಓ, ಹೌದಾ ಆಂಟಿ" ಎಂದು ತಟ್ಟೆ ಜೋಡಿಸತೊಡಗಿದಳು. ಬಡಿಸುವಾಗ ಒಬ್ಬೊಬ್ಬರೂ "ನನಗೆ ಸಕ್ಕರೆ ಬೇಡ", "ನಂದು ಡಯಟ್", "ಆಮೇಲೆ ತಗೋತೀನಿ" ಎಂದರು. ಹೊರಡುವಾಗ ಶೈಲಾ ನನ್ನ ಕೈ ಹಿಡಿದುಕೊಂಡು, "ಮುಂದಿನ ಸಲ ನೀವು ಬರೀ ಹೂವು ತನ್ನಿ ಆಂಟಿ, ಅಡುಗೆ ಶ್ರಮ ಯಾಕೆ" ಎಂದಳು. ಹಣ್ಣು ಕಾಯಿ ತಟ್ಟೆಯಲ್ಲಿ ನನಗೆ ಕುಂಕುಮ ಕೊಡುವುದು ಮಾತ್ರ ಮರೆಯಲಿಲ್ಲ.

ತುಂಬಿದ ಪಾಯಸದ ಪಾತ್ರೆ ಹಿಡಿದು ಅವಳ ಗ್ಯಾರೇಜಿನಲ್ಲಿ ಶೂ ಹುಡುಕುತ್ತಾ ನಿಂತಿದ್ದೆ. ಅವಮಾನದಿಂದ ಕಣ್ಣೇ ಕಾಣುತ್ತಿರಲಿಲ್ಲ. ಇಪ್ಪತ್ತು ವರ್ಷ ನಾನು ಬಡಿಸಿದ್ದನ್ನು ಉಂಡವರು. ಎರಡು ತಿಂಗಳು ನಿನ್ನ ಮಾವನ ತಟ್ಟೆಯ ಮುಂದೆ ನಾನೂ ಇದೇ ಮುಖ ಮಾಡಿಕೊಂಡು ನಿಂತಿದ್ದೆನಲ್ಲ ಎಂದುಕೊಂಡೆ. ಆಗ ವೆಂಕಟರಾಮು ಹೊರಗೆ ಬಂದರು. ಹಿಂದೆ ತಿರುಗಿ ಬಾಗಿಲು ಹಾಕಿದೆಯೇ ಎಂದು ನೋಡಿದರು.

"ಪದ್ಮಮ್ಮಾ, ನಮ್ಮನೆಯವಳಿಗೂ ಕಾಲಲ್ಲಿ ಶಕ್ತಿ ಇಲ್ಲ. ಆ ಹಂದಿ ಲೆಕ್ಕ ನಮಗೂ ಬರೆಸಿಕೊಡ್ತೀರಾ?"

ಹೂಂ ಎಂದೆ. ಮೊದಲು ಕಿಡ್ನಿ ಪರೀಕ್ಷೆ ಮಾಡಿಸಿ ಎಂದು ನಿನ್ನ ಹಾಗೇ ಹೇಳಿದೆ. ಅವರ ಹೆಂಡತಿಯ ವಯಸ್ಸು, ತೂಕ ಕೇಳಿ ಹಿಂದಿನ ಪುಟದಲ್ಲಿ ಬರೆದಿದ್ದೇನೆ, ತಡ ಮಾಡಬೇಡ. ಈ ಕಾಗದದ ಜೊತೆ ಒಂದು ನೀಲಿ ಟೋಪಿಯೂ ಇದೆ. ಅದು ನಿನಗೆ, ಲಾರಿಯ ದಿನ ನೀನೂ ಚಳಿಯಲ್ಲಿ ನಿಲ್ಲುತ್ತೀಯಲ್ಲ.

ಪಾಯಸದ ಪಾತ್ರೆಯನ್ನು ವೆಂಕಟರಾಮು ಅವರ ಕೈಗೇ ಕೊಟ್ಟೆ. "ಯಾರಿಗೂ ಹೇಳ್ಬೇಡಿ ತಾಯಿ" ಎಂದು ಅದನ್ನು ಕೋಟಿನೊಳಗೆ ಮುಚ್ಚಿಟ್ಟುಕೊಂಡು ಹೋದರು.

ಅತ್ತೆ